ಭಯ ಆಗಿದ್ದು ಒಬ್ಬಳೇ ಇದ್ದಿದ್ದಕ್ಕಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ವಾಚಕರ ಅಂಕಣದಲ್ಲಿ ಒಬ್ಬ ಮಹನೀಯರು ಬರೆದಿದ್ರು, ವಯಸ್ಸಾದ ಹೆಂಗಸರು ಈಗೀಗ ಯೂಟ್ಯೂಬ್ ನೋಡ್ಕೊಂಡು ಒಬ್ಬೊಬ್ಬರೇ ಕಾರ್ ತಗೊಂಡು ದೂರದೂರಿಗೆ ಹೊರಟುಬಿಡ್ತಾರೆ, ಮನೇಲಿರೋ ಮಕ್ಕಳು ತಡೀಬೇಕು ಅಂತ. ಆ ಪತ್ರ ನಾನು ಓದಿದ್ದು ಝಾನ್ಸಿಲಿ, ನಮ್ಮಕ್ಕನ ಮನೆ ತಾರಸಿ ಮೇಲೆ ಬಿಸಿಲು ಕಾಯಿಸ್ತಾ, ಫೋನಲ್ಲಿ. ತುಮಕೂರಿಂದ ಇಲ್ಲಿಗೆ ಸಾವಿರದ ಆರುನೂರು ಚಿಲ್ಲರೆ ಕಿಲೋಮೀಟರ್ ಒಬ್ಬಳೇ ಓಡಿಸ್ಕೊಂಡು ಬಂದು ಅವತ್ತಿಗೆ ಮೂರು ದಿನ ಆಗಿತ್ತು. ನಂಗೆ ಈಗ 59. ಯೂಟ್ಯೂಬಲ್ಲಿ ನಾನು ನೋಡೋದು ಅಡುಗೆ ಮಾತ್ರ.

ಕಾರಲ್ಲೇ ಯಾಕೆ, ಟ್ರೈನಿಲ್ವಾ ಅಂತ ಕೇಳ್ತೀರ. ಇದೆ. ಆದ್ರೆ ಅಕ್ಕ ಕೇಳಿದ್ದು ಅಮ್ಮನ ರಾಗಿ ಬೀಸೋಕಲ್ಲು. ಭಾವ ಇಲ್ಲಿ ರೈಲ್ವೆ ವರ್ಕ್‌ಶಾಪಲ್ಲಿದ್ರು, ತೀರಿಹೋಗಿ ನಾಲ್ಕು ವರ್ಷ ಆಯ್ತು, ಮಗ ಇಲ್ಲೇ ಅಂಗಡಿ ಇಟ್ಕೊಂಡಿದಾನೆ, ಅಕ್ಕನಿಗೆ ಮಂಡಿ ನೋವು, ಇನ್ನು ಊರಿಗೆ ಬರೋದು ಅಷ್ಟರಲ್ಲೇ ಇದೆ. ಹಳೇ ಮನೆ ಮಾರಿದಾಗ ಎಲ್ಲರೂ ಏನೇನೋ ತಗೊಂಡ್ರು, ಆ ಕಲ್ಲು ಮಾತ್ರ ಯಾರಿಗೂ ಬೇಡವಾಗಿ ನಮ್ಮ ಹಿತ್ತಲಲ್ಲಿ ಬಿದ್ದಿತ್ತು. ಮೇಲಿಂದೂ ಕೆಳಗಿಂದೂ ಸೇರಿ ಮೂವತ್ತು ಕೆಜಿ ಇರಬಹುದು. ಪಾರ್ಸಲ್ ಹಾಕ್ತೀನಿ ಅಂದೆ, ಒಡೆದು ಎರಡು ಹೋಳಾಗಿ ಬರುತ್ತೆ ಬೇಡ ಅಂದ್ಳು. ಸರಿ, ಹಳೇ ಸೀರೇಲಿ ಸುತ್ತಿ ಡಿಕ್ಕಿಗೆ ಹಾಕಿದೆ, ಜೊತೆಗೆ ರಾಗಿ ಹತ್ತು ಕೆಜಿ, ಹುಣಸೆಹಣ್ಣು, ಸೀಸನ್ ಆದ್ದರಿಂದ ಒಂದು ಚೀಲ ಅವರೇಕಾಯಿ (ಅದು ಮೂರನೇ ದಿನಕ್ಕೇ ವಾಸನೆ ಹೊಡೆಯೋಕೆ ಶುರುವಾಗಿ ದಾರೀಲೇ ದನಕ್ಕೆ ಹಾಕಿದೆ, ಆ ದನದ ವಿಷಯ ಆಮೇಲೆ ಹೇಳ್ತೀನಿ).

ಹೊರಡೋಕೆ ಮುಂಚೆ ನಮ್ಮ ಬೀದೀಲಿ ಒಬ್ಬೊಬ್ಬರದೂ ಒಂದೊಂದು ಹೆದರಿಕೆ. ಜಾಸ್ತಿ ಬಂದಿದ್ದು ಚಂಬಲ್ ಡಕಾಯಿತರ ಹೆಸರು. ಫೂಲನ್ ದೇವಿ ಶರಣಾಗಿದ್ದು 1983ರಲ್ಲಿ, ನಾನು ಕಾಲೇಜಲ್ಲಿದ್ದಾಗ! ಅದೂ ಅಲ್ದೆ ಚಂಬಲ್ ನದಿ ಸಿಗೋದು ಝಾನ್ಸಿ ದಾಟಿ ಗ್ವಾಲಿಯರ್, ಮೊರೇನಾ ಎಲ್ಲ ಕಳೆದ ಮೇಲೆ, ನಾನು ಅಲ್ಲಿ ತನಕ ಹೋಗೋದೇ ಇಲ್ಲ. ಹೇಳಿದ್ರೆ ಯಾರು ಕೇಳ್ತಾರೆ. ನನ್ನ ಮಗ ಮಾತ್ರ ಜಾಣ, ಸ್ಟೆಪ್ನಿ ಗಾಳಿ ಚೆಕ್ ಮಾಡ್ಸು, 1033 ಫೋನಲ್ಲಿ ಸೇವ್ ಮಾಡ್ಕೋ, ಕತ್ತಲಾದ ಮೇಲೆ ಓಡಿಸಬೇಡ ಅಂತ ಮೂರೇ ಮಾತು ಹೇಳಿದ. ಹೆದ್ದಾರಿಲಿ ಏನಾದ್ರೂ ಆದ್ರೆ ಕರೆಯೋ ನಂಬರ್ ಅದು, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಕೊರಟಗೆರೆ, ಮಧುಗಿರಿ, ಹಿಂದೂಪುರ ಮೇಲೆ ಹೋಗಿ ಪೆನುಕೊಂಡೆ ಹತ್ರ ಎನ್‌ಎಚ್ 44 ಹತ್ತಿದೆ. ಹಿಂದೆ ಇದಕ್ಕೆ ಏಳನೇ ನಂಬರ್ ಹೆದ್ದಾರಿ ಅಂತಿದ್ವಿ, ಈಗ ಶ್ರೀನಗರದಿಂದ ಕನ್ಯಾಕುಮಾರಿ ತನಕ ಒಂದೇ ನಂಬರ್. ರಸ್ತೆ ಚೆನ್ನಾಗಿದೆ, ಅದನ್ನ ಹೇಳಲೇಬೇಕು, ನಮ್ಮಪ್ಪನ ಕಾಲದಲ್ಲಿ ಲಾರಿ ಡ್ರೈವರ್‌ಗಳು ವಾರಗಟ್ಟಲೆ ಓಡಿಸ್ತಿದ್ದ ದಾರಿ. ವರ್ಷದ ಫಾಸ್ಟ್ಯಾಗ್ ಪಾಸ್ ಮಾಡ್ಸಿದ್ದೆ, ನಾನು ಮಾಡ್ಸಿದಾಗ 3,000 ರೂಪಾಯಿಗೆ 200 ಟ್ರಿಪ್ ಇತ್ತು, ಹೈದರಾಬಾದ್ ರಿಂಗ್ ರೋಡ್ ಅದರಲ್ಲಿ ಬರಲ್ಲ, ಅದಕ್ಕೆ ಮಾತ್ರ ಬೇರೆ ದುಡ್ಡು ಹೋಯ್ತು. ಮೊದಲ ರಾತ್ರಿ ಕರ್ನೂಲು. ಬೆಳಗ್ಗೆ ಎದ್ದು ತುಂಗಭದ್ರೆ ದಾಟಿ ಹೆದ್ದಾರಿಯಿಂದ ಸ್ವಲ್ಪ ಒಳಗೆ ಆಲಂಪುರಕ್ಕೆ ಹೋಗಿದ್ದೆ, ನಮ್ಮ ಬಾದಾಮಿ ಚಾಲುಕ್ಯರು ಕಟ್ಟಿಸಿದ ನವಬ್ರಹ್ಮ ಗುಡಿಗಳಿವೆ, ಹೆಸರು ಬ್ರಹ್ಮ ಅಂತ ಆದ್ರೆ ಒಳಗಿರೋದೆಲ್ಲ ಶಿವ. ಆ ಹೊತ್ತಲ್ಲಿ ನಾನು, ಪೂಜಾರಿ, ಎರಡು ನಾಯಿ ಅಷ್ಟೇ. ಯಾರಾದ್ರೂ ಜೊತೇಲಿದ್ದಿದ್ರೆ ಟೈಮ್ ಆಯ್ತು ನಡಿ ನಡಿ ಅಂತಿದ್ರು, ಒಬ್ಬಳೇ ಆದ್ದರಿಂದ ಒಂದೂವರೆ ಗಂಟೆ ಕೂತಿದ್ದೆ.

ಈಗ ಭಯದ ವಿಷಯಕ್ಕೆ ಬರ್ತೀನಿ. ಭಯ ಆಗಲಿಲ್ಲ ಅಂತ ಸುಳ್ಳು ಹೇಳಲ್ಲ, ಆಯ್ತು, ಆದ್ರೆ ಆ ಮಹನೀಯರು ಅನ್ಕೊಂಡ ಹಾಗೆ ಒಬ್ಬಳೇ ಇದ್ದಿದ್ದಕ್ಕೆ ಆಗಲಿಲ್ಲ.

ಮೊದಲನೇದು ರಾಂಗ್ ಸೈಡ್. ಆದಿಲಾಬಾದ್ ದಾಟಿ ಪೈನ್‌ಗಂಗಾ ನದಿ ಕಳೆದು ಮಹಾರಾಷ್ಟ್ರಕ್ಕೆ ಬಂದ್ರೆ ಎರಡೂ ಕಡೆ ಹತ್ತಿ, ಈ ಟೈಮಲ್ಲಿ ಹತ್ತಿ ತುಂಬ್ಕೊಂಡು ಟ್ರಾಕ್ಟರು, ಪಿಕಪ್ಪು ಎಲ್ಲ ಮಾರ್ಕೆಟ್ಟಿಗೆ ಹೋಗ್ತಿರ್ತವೆ. ನಾನು 80ರಲ್ಲಿ ಹೋಗ್ತಿದೀನಿ, ಬಲಗಡೆ ಲೇನಲ್ಲಿ, ಲಾರಿ ಓವರ್‌ಟೇಕ್ ಮಾಡ್ತಾ, ಎದುರಿಗೆ ಮನೆ ಗಾತ್ರದ ಹತ್ತಿ ಮೂಟೆ ಬರ್ತಾ ಇದೆ. ಅದರ ಕೆಳಗೆ ಎಲ್ಲೋ ಒಂದು ಟ್ರಾಕ್ಟರ್. ಹೆಂಗೋ ಎಡಕ್ಕೆ ಎಳ್ಕೊಂಡೆ. ಡಿಕ್ಕಿಲಿ ಬೀಸೋಕಲ್ಲು ಢಬ್ ಅಂತು, ಕೈ ನಡುಗ್ತಿತ್ತು, ಮುಂದೆ ಒಂದು ಟೀ ಅಂಗಡಿಲಿ ನಿಲ್ಲಿಸಿ ಅವನಿಗೆ ನನ್ನ ಹರಕು ಹಿಂದೀಲಿ ಹೇಳಿದ್ರೆ ಅವನು ನಗ್ತಾ ಇದ್ದ. ಅವನ ಅಣ್ಣಂದೂ ಟ್ರಾಕ್ಟರ್ ಇದೆಯಂತೆ. ಅಮ್ಮಾ, ಊರಿನ ಬಾಗಿಲಿಗೆ ಡಿವೈಡರ್ ಹಾಕಿದಾರೆ, ತಿರುಗೋ ಜಾಗ ಮೂರು ಕಿಲೋಮೀಟರ್ ಆಚೆ, ಸರ್ವಿಸ್ ರೋಡ್ ಅರ್ಧಕ್ಕೆ ನಿಂತಿದೆ, ಡೀಸೆಲ್ ಯಾರು ಕೊಡ್ತಾರೆ ಅಂದ. ಅಲ್ಲಿ ತನಕ ನಾನು ಟ್ರಾಕ್ಟರ್‌ನೋರಿಗೆ ಬುದ್ಧಿ ಇಲ್ಲ ಅಂತಲೇ ಬೈಕೊಂಡಿದ್ದೆ. ನಮ್ಮ ಕಡೆ ಶಿರಾ, ಹಿರಿಯೂರು ರಸ್ತೇಲೂ ಇದೇ ಕಥೆ, ಹೋಗಿ ನೋಡಿ. ರೈತನಿಗೆ ಹೊಲಕ್ಕೆ ಹೋಗೋ ದಾರಿ ಬಿಡದೆ ನಾವು 100ರಲ್ಲಿ ಹೋಗೋ ದಾರಿ ಮಾಡಿದ್ರೆ ಅವನು ಅದರಲ್ಲೇ ಎದುರಿಗೆ ಬರ್ತಾನೆ.

ಎರಡನೇದು ನಿದ್ದೆ. ಹಿಂಗನ್‌ಘಾಟ್ ಹತ್ರ ಮಧ್ಯಾಹ್ನ ಊಟ ಆದ ಮೇಲೆ ಕಣ್ಣು ಎಳೀತಿತ್ತು, ಒಂದು ಸಲ ಚಕ್ರ ರಸ್ತೆ ಅಂಚಿನ ಪಟ್ಟೆ ಮೇಲೆ ಹೋಗಿ ಗರಗರ ಅಂದಾಗಲೇ ಎಚ್ಚರ. ನಿಲ್ಲಿಸೋಣ ಅಂದ್ರೆ ಎಲ್ಲಿ? ಲಾರಿ ನಿಲ್ಲೋ ಜಾಗ ಇದೆ, ಭರ್ತಿ ಲಾರಿ, ನಡುವೆ ಕಾರ್ ತೂರಿಸೋಕಾಗಲ್ಲ, ಹೆಂಗಸು ಒಬ್ಬಳು ಅಲ್ಲಿ ಸೀಟ್ ಹಿಂದಕ್ಕೆ ಮಾಡಿ ಮಲಗೋಕೂ ಆಗಲ್ಲ. ರಸ್ತೆ ಪಕ್ಕ ನಿಲ್ಲಿಸಿದ್ರೆ ಹಿಂದಿಂದ ಗುದ್ದುತಾರೆ. ಇನ್ನೂ ಹನ್ನೆರಡು ಕಿಲೋಮೀಟರ್ ಕೆನ್ನೆಗೆ ಹೊಡ್ಕೊಂಡು ಹೋಗಿ ಒಂದು ಪೆಟ್ರೋಲ್ ಬಂಕಲ್ಲಿ ನಿಲ್ಲಿಸಿದೆ. ಅಲ್ಲಿ ಕೆಲಸ ಮಾಡೋ ಹುಡುಗಿ, ಇಪ್ಪತ್ತು ವರ್ಷ ಇರಬಹುದು, ಗಾಳಿ ಹಿಡಿಯೋ ಜಾಗದ ಹಿಂದೆ ನೆರಳಿದೆ ಅಲ್ಲಿ ಹಾಕಿ ಆಂಟಿ ಅಂತ ತೋರಿಸಿ, ಆಗಾಗ ಬಂದು ನೋಡ್ಕೊಂಡು ಹೋದ್ಳು. ನಲವತ್ತು ನಿಮಿಷ ಸತ್ತ ಹಾಗೆ ಮಲಗಿದ್ದೆ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತೋರು 1,68,491 ಜನ, ಕೇಂದ್ರ ಸರ್ಕಾರದ್ದೇ ಲೆಕ್ಕ. ಅದರಲ್ಲಿ ಡಕಾಯಿತರು ಕೊಂದೋರು ಯಾರೂ ಇಲ್ಲ ಸಾರ್.

ಮೂರನೇದು ಬರೆಯೋಕೆ ನಾಚಿಕೆ ಪಡ್ಬಾರದು ಅಂತ ಬರೀತಿದೀನಿ, ಟಾಯ್ಲೆಟ್ಟು. ನಾಲ್ಕು ದಿನ ನಾನು ನೀರು ಕುಡಿದಿದ್ದು ರಾತ್ರಿ ರೂಮಿಗೆ ಹೋದ ಮೇಲೇನೇ. ಹಗಲೆಲ್ಲ ತುಟಿ ಒದ್ದೆ ಮಾಡ್ಕೊಳ್ಳೋಷ್ಟು. ಬಂಕಲ್ಲಿ ಟಾಯ್ಲೆಟ್, ಕುಡಿಯೋ ನೀರು, ಗಾಳಿ ಫ್ರೀಯಾಗಿ ಕೊಡಬೇಕು ಅಂತ ರೂಲ್ಸ್ ಇದೆ, ಬೋರ್ಡೂ ಇರುತ್ತೆ, ಬಾಗಿಲಿಗೆ ಬೀಗಾನೂ ಇರುತ್ತೆ, ಕೀ ಮ್ಯಾನೇಜರ್ ಹತ್ರ, ಮ್ಯಾನೇಜರ್ ಊಟಕ್ಕೆ ಹೋಗಿರ್ತಾರೆ. ಟೋಲ್ ಹತ್ರ ಕೆಲವು ಕಡೆ ಚೆನ್ನಾಗಿದೆ, ಕೆಲವು ಕಡೆ ಕಟ್ಟಡ ಇದೆ ನೀರಿಲ್ಲ, ಒಂದು ಕಡೆ ಒಳಗಡೆಯಿಂದ ಚಿಲಕಾನೇ ಇರಲಿಲ್ಲ, ಜೊತೇಲಿ ಒಬ್ಬರಿದ್ರೆ ಹೊರಗೆ ಕಾವಲು ನಿಲ್ತಾರೆ, ಒಬ್ಬಳೇ ಇದ್ರೆ ಏನು ಮಾಡೋದು? ಒಂದು ಕೈಯಲ್ಲಿ ಬಾಗಿಲು ಹಿಡ್ಕೊಂಡು... ಬಿಡಿ.

ನಾಗಪುರ ದಾಟಿದ ಮೇಲೆ ಪೆಂಚ್ ಕಾಡು ಬರುತ್ತೆ. ಅಲ್ಲಿ ಹುಲಿ, ಜಿಂಕೆ, ಕಾಡುಹಂದಿ ದಾಟೋಕೆ ಅಂತ ರಸ್ತೆನೇ ಎತ್ತಿ ಕಟ್ಟಿದಾರೆ, ಮಹಾರಾಷ್ಟ್ರದ ಕಡೆ ಒಂಬತ್ತು ಜಾಗದಲ್ಲಿ, ಅದರಲ್ಲಿ ದೊಡ್ಡದು 750 ಮೀಟರ್ ಉದ್ದ. ಮೇಲೆ ನಾವು, ಕೆಳಗೆ ಅವು. ಕೋರ್ಟು ಕಚೇರಿ ಎಲ್ಲ ಆದ ಮೇಲೇನೇ ಕಟ್ಟಿದ್ದು, ಸುಮ್ನೆ ಕೊಟ್ಟಿದ್ದಲ್ಲ. ಕಟ್ಟಿದ ಮೇಲೆ ಕ್ಯಾಮೆರಾ ಇಟ್ಟು ನೋಡಿದ್ರೆ 2019ರಲ್ಲಿ 18 ಜಾತಿ ಪ್ರಾಣಿಗಳು ಅದರ ಕೆಳಗೆ ಓಡಾಡಿದ್ದು ಸಿಕ್ಕಿದೆ, ಹುಲಿ ಸೇರಿ. ನಂಗೆ ತುಂಬಾ ಖುಷಿ ಆಯ್ತು, ನಿಜವಾಗ್ಲೂ. ಅದರ ಜೊತೆಗೇ ಹೊಟ್ಟೆಕಿಚ್ಚೂ ಆಯ್ತು. ಹುಲಿ ಎಲ್ಲಿ ದಾಟುತ್ತೆ, ಯಾವಾಗ ದಾಟುತ್ತೆ ಅಂತ ಯಾರೋ ಕೂತು ಯೋಚನೆ ಮಾಡಿದಾರೆ, ಹೆಂಗಸು ಎಲ್ಲಿ ಇಳೀತಾಳೆ ಅಂತ ಯಾಕೆ ಯಾರೂ ಯೋಚನೆ ಮಾಡಿಲ್ಲ?

ರೂಮ್ ವಿಷಯ ಒಂದು ಹೇಳಿಬಿಡ್ತೀನಿ. ಎರಡನೇ ರಾತ್ರಿ ಒಂದು ಊರಲ್ಲಿ ಲಾಡ್ಜ್ ಕೌಂಟರಲ್ಲಿದ್ದ ಹುಡುಗ ಆಧಾರ್ ನೋಡಿ, ನನ್ನ ಹಿಂದೆ ಯಾರಾದ್ರೂ ಬರ್ತಾರಾ ಅಂತ ಬಾಗಿಲ ಕಡೆ ನೋಡಿ, ಸಿಂಗಲ್ ಲೇಡೀಸ್‌ಗೆ ಕೊಡಲ್ಲ ಅಂದ. ನನ್ನ ಮಗನಿಗಿಂತ ಚಿಕ್ಕವನು! ಯಾಕಪ್ಪಾ ಅಂದ್ರೆ ಸೇಫ್ಟಿ ಅಂತೆ. ರಾತ್ರಿ ಏಳೂವರೆಗೆ ನನ್ನನ್ನ ಬೀದಿಗೆ ಕಳಿಸೋದು ಯಾರ ಸೇಫ್ಟಿ? ಪಕ್ಕದ ಲಾಡ್ಜಲ್ಲಿ ಒಬ್ಬ ಮುದುಕರು ಮಾತೇ ಆಡದೆ ಕೀ ಕೊಟ್ರು, ಬಿಸಿನೀರು ಬಕೆಟ್ಟಲ್ಲಿ ಕಳಿಸಿದ್ರು.

ಸಿವನಿಲಿ ಉಳ್ಕೊಂಡು ನಾಲ್ಕನೇ ದಿನ ಮಂಜು ಕರಗಲಿ ಅಂತ ಒಂಬತ್ತಕ್ಕೆ ಹೊರಟೆ. ನರಸಿಂಗಪುರದ ಕಡೆ ಕಬ್ಬಿನ ಗಾಡಿಗಳು, ಅಲ್ಲಿನ ಕರೇಲಿ ಬೆಲ್ಲಕ್ಕೆ ದೊಡ್ಡ ಹೆಸರು, ತಗೊಂಡೆ, ಮಂಡ್ಯದ್ದಕ್ಕಿಂತ ಕಪ್ಪು, ರುಚಿ ಚೆನ್ನಾಗಿದೆ. ಬರ್ಮಾನ್ ಹತ್ರ ನರ್ಮದೆ. ಅದಕ್ಕೆ ಮುಂಚೆ ಒಂದು ಚೆಕ್‌ಪೋಸ್ಟಲ್ಲಿ ಪೊಲೀಸ್ ಹುಡುಗ ಡಿಕ್ಕಿ ತೆಗೆಸಿದ, ಸೀರೇಲಿ ಸುತ್ತಿದ ಗಂಟು ಮುಟ್ಟಿ ನೋಡಿ, ಏನಿದು, ಮೂರ್ತಿನಾ ಅಂದ. ಹಳೇ ವಿಗ್ರಹ ಸಾಗಿಸ್ತಿದಾಳೆ ಮುದುಕಿ ಅನ್ಕೊಂಡ ಅಂತ ಕಾಣುತ್ತೆ. ಬಿಚ್ಚಿ ತೋರಿಸಿದೆ. ಅರೇ ಇದು ಚಕ್ಕಿ, ನಮ್ಮಜ್ಜಿ ಹತ್ರಾನೂ ಇತ್ತು ಅಂತ ಇನ್ನಿಬ್ಬರನ್ನ ಕರೆದು ತೋರಿಸಿ, ಅವನೇ ಮತ್ತೆ ಸುತ್ತಿ, ಅಲ್ಲಾಡದ ಹಾಗೆ ಪಕ್ಕಕ್ಕೆ ರಾಗಿ ಮೂಟೆ ಒತ್ತಿ ಇಟ್ಟ.

ಮಧ್ಯಪ್ರದೇಶದ ಸಾಗರ ದಾಟಿ ಲಲಿತಪುರ ಬರೋ ಹೊತ್ತಿಗೆ ಸಂಜೆ, ಮಗನಿಗೆ ಕೊಟ್ಟ ಮಾತು ಅಲ್ಲಿ ತಪ್ಪಿತು, ಕೊನೇ 90 ಕಿಲೋಮೀಟರ್ ಕತ್ತಲಲ್ಲೇ. ಆ ದನಗಳು ಸಿಕ್ಕಿದ್ದು ಇಲ್ಲೇ. ಝಾನ್ಸಿ ಸುತ್ತಲಿನ ಈ ಬುಂದೇಲಖಂಡ ಸೀಮೇಲಿ ಅನ್ನಾ ಪ್ರಥಾ ಅಂತ ಒಂದು ರೂಢಿ, ಬೆಳೆ ಕೊಯ್ದ ಮೇಲೆ ದನ ಬಿಟ್ಟುಬಿಡೋದು, ಮೇವು ಹಾಕೋಕಾಗದೆ ಈಗ ವರ್ಷವಿಡೀ ಬಿಡ್ತಾರಂತೆ, ಅಕ್ಕನ ಮಗ ಹೇಳಿದ. ಡಾಂಬರು ಬೆಚ್ಚಗಿರುತ್ತೆ ನೋಡಿ, ಚಳಿಗೆ ಬಂದು ರಸ್ತೆ ಮಧ್ಯೆನೇ ಮಲಗಿರ್ತವೆ. ದೀಪ ಇಲ್ಲ, ತೆಳುವಾಗಿ ಮಂಜು, ಮುಂದಿನ ಲಾರಿಯವನು ಇಂಡಿಕೇಟರ್ ಹಾಕಿ ಹಾಕಿ ನಂಗೆ ದಾರಿ ತೋರಿಸ್ಕೊಂಡು ಹೋದ, ಬೇಕಂತಲೇ ನಿಧಾನಕ್ಕೆ. ಒಂದು ಕಡೆ ಅವನೂ ನಿಂತ, ನಾನೂ ನಿಂತೆ, ಇಪ್ಪತ್ತು ದನ. ಅವರೇಕಾಯಿ ಚೀಲ ಅಲ್ಲಿ ಖಾಲಿ ಆಯ್ತು.

ಅಕ್ಕ ಗೇಟಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ಳು. ನನ್ನ ಮುಖ ನೋಡೋಕೆ ಮುಂಚೆ ಕಲ್ಲೆಲ್ಲಿ ಅಂದ್ಳು. ಬೆಳಗ್ಗೆ ಬಿಚ್ಚಿ ನೋಡಿದ್ರೆ ಕಲ್ಲು ಗಟ್ಟಿ ಇದೆ, ಮರದ ಹಿಡಿಗೂಟ ಮುರಿದಿದೆ, ಆ ಹತ್ತಿ ಟ್ರಾಕ್ಟರ್ ಹತ್ರ ಢಬ್ ಅಂದಿದ್ದು ಅದೇ. ಇಲ್ಲಿನ ಬಡಗಿ ಜಾಲಿ ಮರದ್ದು ಹೊಸ ಗೂಟ ಹಾಕಿಕೊಟ್ಟ, ನಲವತ್ತು ರೂಪಾಯಿ. ಅಕ್ಕ ಸ್ಟೂಲ್ ಮೇಲೆ ಕೂತು ಒಂದು ಹಿಡಿ ರಾಗಿ ಹಾಕಿ ಬೀಸಿದ್ಳು. ಅಮ್ಮ ಹೇಳ್ತಿದ್ದ ಪದ ಶುರು ಮಾಡಿ ಎರಡನೇ ಸಾಲಿಗೆ ಮರೆತುಹೋಯ್ತು, ನಂಗೂ ನೆನಪಿಲ್ಲ, ಇಬ್ಬರೂ ಬರೀ ರಾಗ ಎಳ್ಕೊಂಡು ಬೀಸಿದ್ವಿ. ಅವಳ ಸೊಸೆಗೆ ನಮ್ಮ ಅವತಾರ ನೋಡಿ ನಗು.

ಹಾಗಾಗಿ ಆ ಮಹನೀಯರಲ್ಲಿ ನನ್ನ ವಿನಂತಿ ಏನಂದ್ರೆ, ಮನೆಯವರು ತಡೀಬೇಕು ಅಂತ ಬರೆಯೋ ಬದಲು, ರಾತ್ರಿ ಹೊತ್ತೂ ತೆಗೆದಿರೋ ಚಿಲಕ ಇರೋ ಟಾಯ್ಲೆಟ್ಟು, ಕಾರುಗಳಿಗೇ ಅಂತ ದೀಪ ಇರೋ ನಿಲ್ಲೋ ಜಾಗ, ಊರಿನೋರಿಗೆ ಪೂರ್ತಿ ಸರ್ವಿಸ್ ರೋಡು, ಇವು ಬೇಕು ಅಂತ ಒಂದು ಪತ್ರ ಬರೀಲಿ. ಅವರ ಹೆಸರಿನ ಕೆಳಗೆ ನಂದೂ ಹಾಕಲಿ. ಗಂಡಸರಿಗೂ ನಿದ್ದೆ ಬರುತ್ತೆ, ಅವರಿಗೂ ಎದುರಿಗೆ ಟ್ರಾಕ್ಟರ್ ಬರುತ್ತೆ.

ಗುರುವಾರ ವಾಪಸ್ ಹೊರಡ್ತೀನಿ, ಮಂಜು ಕರಗಿದ ಮೇಲೆ. ಡಿಕ್ಕಿ ಹೆಂಗೂ ಖಾಲಿ ಆಯ್ತಲ್ಲ ಅಂತ ಅಕ್ಕ ಈಗಲೇ ಲಿಸ್ಟ್ ಮಾಡ್ತಾ ಕೂತಿದಾಳೆ, ಅದರಲ್ಲಿ ಒಂದು ರಜಾಯಿ, ಎರಡು ಉಪ್ಪಿನಕಾಯಿ ಭರಣಿ, ಇನ್ನೇನೋ ಹಿಂದೀಲಿ ಬರೆದಿದಾಳೆ, ನಂಗೆ ಓದೋಕೆ ಬರ್ತಿಲ್ಲ.

ಇತಿ,
ತುಮಕೂರಿನ ಒಬ್ಬ ಓದುಗಳು
(ಸದ್ಯಕ್ಕೆ ಝಾನ್ಸಿ)