ಟಾಂಜಾನಿಯಾದ ಅರುಷಾದಲ್ಲಿರುವ ತಮ್ಮನ ಮಗನಿಗೆ

ಚಿ. ಪುಟ್ಟನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇತ್ತ ಮೈಸೂರಿನಲ್ಲಿ ಎಲ್ಲರೂ ಕ್ಷೇಮ. ನಿನ್ನ ಪತ್ರ ತಲುಪಿತು. ಕಚೇರಿಯಲ್ಲಿ ಬೆಳಗಿನ ಅರ್ಧ ಗಂಟೆ ಕುಶಲ ವಿಚಾರಿಸುವುದರಲ್ಲೇ ಕಳೆದುಹೋಗುತ್ತದೆ ಎಂದು ಬೇಸರಪಟ್ಟಿದ್ದೀಯೆ. ಎರಡು ದಿನ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನ ಸುತ್ತಿದರೂ ಚಿರತೆಯ ಬಾಲವಷ್ಟೇ ಕಂಡಿತೆಂದೂ ಬರೆದಿದ್ದೀಯೆ. ಅದೇ ಅರುಷಾದಲ್ಲಿ ಹನ್ನೊಂದು ವರ್ಷ ಸಂಸಾರ ಮಾಡಿದ ನನಗೆ ಎರಡು ಕಡೆಯೂ ಕಂಡದ್ದು ನಿನ್ನ ಅವಸರವೇ. ನಾನೂ ಅಂಥವನೇ ಆಗಿದ್ದೆನಾದ್ದರಿಂದ ಸಲುಗೆಯಿಂದ ಹೇಳುತ್ತಿದ್ದೇನೆ.

ಅಲ್ಲಿ ಕಿರಿಯರು ಹಿರಿಯರನ್ನು ಕಂಡೊಡನೆ ‘ಶಿಕಮೋ’ ಎನ್ನುತ್ತಾರೆ, ಹಿರಿಯರು ‘ಮರಹಬ’ ಎಂದು ಅದನ್ನು ಸ್ವೀಕರಿಸುತ್ತಾರೆ. ನಿಮ್ಮ ಪಾದ ಹಿಡಿಯುತ್ತೇನೆ ಎಂಬುದು ಆ ಮಾತಿನ ಅರ್ಥ. ಹಬ್ಬ ಹಬ್ಬಕ್ಕೂ ಅಜ್ಜಿಯ ಕಾಲಿಗೆರಗಿ ಬೆಳೆದ ನಿನಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ. ನಿಮ್ಮ ಕಚೇರಿಯ ಕಾವಲುಗಾರ ನಿನ್ನ ತಂದೆಯ ವಯಸ್ಸಿನವನಾಗಿದ್ದರೆ, ನೀನು ಎಷ್ಟೇ ದೊಡ್ಡ ಎಂಜಿನಿಯರಾಗಿದ್ದರೂ, ಶಿಕಮೋ ಹೇಳಬೇಕಾದವನು ನೀನು. ಅದಾದ ಮೇಲೆ ‘ಹಬಾರಿ’ಗಳು ಶುರುವಾಗುತ್ತವೆ, ಮನೆಯ ಸಮಾಚಾರ, ಕೆಲಸದ ಸಮಾಚಾರ, ಬೆಳಗಿನ ಸಮಾಚಾರ. (ನಮ್ಮ ಖಬರೂ ಅವರ ಹಬಾರಿಯೂ ಒಂದೇ ಅರಬ್ಬೀ ಮೂಲದಿಂದ ಬಂದ ದಾಯಾದಿಗಳು.) ಮನೆಯಲ್ಲಿ ಯಾರಾದರೂ ಜ್ವರದಿಂದ ಮಲಗಿದ್ದರೂ ಮೊದಲು ‘ನ್ಜೂರಿ’, ಅಂದರೆ ಚೆನ್ನಾಗಿದೆ, ಎಂದು ಹೇಳಿ, ಜ್ವರದ ಮಾತನ್ನು ಆಮೇಲೆ ತೆಗೆಯುತ್ತಾರೆ. ಅದನ್ನು ಕೇಳುವಷ್ಟು ಹೊತ್ತು ನೀನು ನಿಲ್ಲಬೇಕು. ಯಾರ ಮನೆಗಾದರೂ ಹೋದಾಗ ಬಾಗಿಲಲ್ಲಿ ನಿಂತು ‘ಹೋದಿ’ ಎಂದು ಕೂಗು. ಒಳಗಿನಿಂದ ‘ಕರೀಬು’ ಎಂಬ ದನಿ ಬಂದ ಮೇಲೆಯೇ ಹೊಸ್ತಿಲು ದಾಟು.

ಗಡಿಯಾರದ ವಿಷಯದಲ್ಲಿ ನಾನೇ ಮೋಸಹೋದೆ. ಅಲ್ಲಿಯವರ ಸ್ವಾಹಿಲಿ ಭಾಷೆಯಲ್ಲಿ ಹಗಲಿನ ಎಣಿಕೆ ಸೂರ್ಯೋದಯದಿಂದ ಆರಂಭವಾಗುವುದರಿಂದ ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ಎರಡು ಗಂಟೆಗೆ ಬರುತ್ತೇನೆಂದ ಬಡಗಿಗಾಗಿ ನಾನು ಮಧ್ಯಾಹ್ನವೆಲ್ಲ ಕಾದು ಅವನ ಸೋಮಾರಿತನವನ್ನು ಶಪಿಸಿದೆ. ಅವನು ಬೆಳಿಗ್ಗೆ ಎಂಟಕ್ಕೇ ಬಂದು, ಬೀಗ ಕಂಡು ಹಿಂತಿರುಗಿದ್ದ.

ಊಟಕ್ಕೆ ಕರೆದರೆ ಹೋಗು; ಮಾಂಸ ತಿನ್ನುವುದಿಲ್ಲವೆಂಬುದನ್ನು ತಟ್ಟೆ ಮುಂದೆ ಬಂದ ಮೇಲೆ ಹೇಳದೆ ಹಿಂದಿನ ದಿನವೇ ತಿಳಿಸಿಬಿಡು. ಮೊದಲು ಚೊಂಬಿನಿಂದ ನಿನ್ನ ಕೈಗೆ ನೀರು ಹಾಕುತ್ತಾರೆ. ಮೆಕ್ಕೆಜೋಳದ ಹಿಟ್ಟಿನ ಉಗಾಲಿ ನೋಡಲು ಮುದ್ದೆಯ ತಮ್ಮನಂತಿದ್ದರೂ ಅದನ್ನು ಮುದ್ದೆಯಂತೆ ನುಂಗಬೇಡ, ಗಂಟಲಲ್ಲಿ ನಿಲ್ಲುತ್ತದೆ. ಬಲಗೈಯಲ್ಲಿ ತುತ್ತು ಮುರಿದು ಉಂಡೆ ಮಾಡಿ, ಹೆಬ್ಬೆರಳಿನಿಂದ ಒತ್ತಿ ಗುಳಿ ಮಾಡಿಕೊಂಡರೆ ಅದೇ ಚಮಚವಾಗುತ್ತದೆ; ಅದರಲ್ಲಿ ‘ಮ್ಚಿಚಾ’ ಎತ್ತಿಕೊಂಡು ಜಗಿದು ತಿನ್ನು. ಮ್ಚಿಚಾ ಎಂದರೆ ನಿನಗೆ ಚಿಕ್ಕಂದಿನಲ್ಲಿ ಸೇರದಿದ್ದ ದಂಟಿನ ಸೊಪ್ಪೇ.

ಇನ್ನು ಕಾಡಿನ ಮಾತು. ಕಬಿನಿಯ ಹಿನ್ನೀರಿನಲ್ಲಿ ಆನೆ ನೋಡಿ ಬೆಳೆದ ಜಂಬದಿಂದ ನಾನು ಮೊದಲ ಸಲ ತರಂಗಿರೆ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆ. ಒಣಗಿದ ಹೊಳೆಯ ಪಾತ್ರದಲ್ಲಿ ದಂತವಿದ್ದ ಏಳೆಂಟು ಆನೆಗಳನ್ನು ಕಂಡು, ಇಷ್ಟೊಂದು ಸಲಗಗಳು ಒಂದೇ ಕಡೆ ಹೇಗೆ ಸೇರಿದವೆಂದು ಚಾಲಕನನ್ನು ಕೇಳಿದೆ. ಅವನು ಉತ್ತರ ಕೊಡದೆ ಎಂಜಿನ್ ಆರಿಸಿ ಕುಳಿತ. ಮುಂದಿದ್ದ ಆನೆ ಮುಂಗಾಲಿನಿಂದ ಮರಳು ಕೆದರಿ, ಸೊಂಡಿಲನ್ನು ಗುಂಡಿಗಿಳಿಸಿ, ಕೆಸರುನೀರನ್ನು ಎರಡು ಮೂರು ಸಲ ಆಚೆ ಚೆಲ್ಲಿ, ತಿಳಿನೀರು ಜಿನುಗಿದ ಮೇಲೆ ಕುಡಿಯಿತು. ಅಷ್ಟರಲ್ಲಿ ಹಿಂದಿನಿಂದ ಬಂದ ಮರಿಯೊಂದು ಅದರ ಮುಂಗಾಲುಗಳ ನಡುವೆ ತಲೆ ತೂರಿಸಿ ಮೊಲೆಗೆ ಬಾಯಿ ಹಾಕಿತು. ಆಫ್ರಿಕದ ಹೆಣ್ಣಾನೆಗೂ ದಂತವಿರುತ್ತದೆಂದು ನಾನು ಕಲಿತದ್ದು ಹೀಗೆ. ಚಾಲಕ ಆಗ ನನ್ನ ಕಡೆ ತಿರುಗಿ ನಕ್ಕ, ಅಷ್ಟೇ. ಮುಕ್ಕಾಲು ಗಂಟೆ ಅಲ್ಲಿಂದ ಕದಲಲಿಲ್ಲ. ನೀನಾದರೋ ರೇಡಿಯೋದಲ್ಲಿ ‘ಸಿಂಬಾ’ (ಸಿಂಹ) ಎಂದು ಕೇಳಿದೊಡನೆ ಅತ್ತ, ‘ಚುಯಿ’ (ಚಿರತೆ) ಎಂದೊಡನೆ ಇತ್ತ ಗಾಡಿ ಓಡಿಸೆಂದು ಚಾಲಕನ ಪ್ರಾಣ ತಿಂದಿರಬೇಕು. ಚೀತಾ ಬೇಟೆಯಾಡುವುದು ಹೆಚ್ಚಾಗಿ ಹಗಲಿನಲ್ಲಿ. ಹತ್ತಾರು ವಾಹನಗಳು ಸುತ್ತುಗಟ್ಟಿದರೆ ಅದು ಉಪವಾಸ ಬೀಳುತ್ತದೆ. ಹೆಚ್ಚಿನ ಇನಾಮಿನ ಆಸೆ ತೋರಿಸಿ ದಾರಿ ಬಿಟ್ಟು ಇಳಿಯಲು ಯಾವ ಚಾಲಕನನ್ನೂ ಪುಸಲಾಯಿಸಬೇಡ.

ಸೆರೆಂಗೆಟಿಯನ್ನು ‘ಮನುಷ್ಯರ ಸುಳಿವಿಲ್ಲದ ಕಾಡು’ ಎಂದು ಬರೆದಿದ್ದೀಯೆ. ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಅದು ಮಾಸಾಯಿಗಳು ದನ ಮೇಯಿಸಿದ ಬಯಲು. 1959ರಲ್ಲಿ ಅವರನ್ನು ಅಲ್ಲಿಂದ ಬಿಡಿಸಿ, ಪಕ್ಕದ ಗೊರೊಂಗೊರೊವನ್ನು ದನವೂ ಕಾಡುಪ್ರಾಣಿಯೂ ಕೂಡಿ ಬಾಳುವ ಪ್ರದೇಶವೆಂದು ಪ್ರತ್ಯೇಕಿಸಲಾಯಿತು. ನಮ್ಮ ನಾಗರಹೊಳೆಯಿಂದ ಹೊರಬಂದ ಜೇನುಕುರುಬರ ಹಾಡಿಗಳನ್ನು ನೀನು ನೋಡಿದ್ದೀಯಲ್ಲ. ಆದ್ದರಿಂದ ರಸ್ತೆ ಬದಿಯಲ್ಲಿ ಕೆಂಪು ಶುಕಾ ಹೊದ್ದು ನಿಂತವರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮೊದಲು ಗಾಡಿಯಿಂದಿಳಿದು ಮಾತನಾಡಿಸಿ ಅಪ್ಪಣೆ ಕೇಳು. ಬೇಡವೆಂದರೆ ಕ್ಯಾಮೆರಾ ಚೀಲ ಸೇರಲಿ. ಅವರ ಮಕ್ಕಳು ನಿನ್ನೆದುರು ತಲೆ ಬಾಗಿಸಿ ನಿಂತರೆ ಗಲಿಬಿಲಿಯಾಗಬೇಡ, ಅದು ಹಿರಿಯರಿಗೆ ಅವರು ಮಾಡುವ ವಂದನೆ. ನೆತ್ತಿಯ ಮೇಲೆ ಮೆಲ್ಲಗೆ ಅಂಗೈ ಇಡು.

ಸೆಪ್ಟೆಂಬರಿನಲ್ಲಿ ರಜೆ ಸಿಕ್ಕರೆ ಸೆರೆಂಗೆಟಿಯ ಬದಲು ತರಂಗಿರೆಗೆ ಹೋಗಿ ಹೊಳೆಯ ಪಕ್ಕದಲ್ಲೇ ಒಂದು ದಿನ ಕಳೆ. ನಿನ್ನ ತಾಯಿ ಕಳುಹಿಸುತ್ತಿರುವ ಕಡುನೀಲಿ ಅಂಗಿಯನ್ನು ಮಾತ್ರ ಅಲ್ಲಿಗೆ ತೊಟ್ಟು ಹೋಗಬೇಡ. ನೀಲಿ, ಕಪ್ಪು ಬಣ್ಣಕ್ಕೆ ತ್ಸೆತ್ಸೆ ನೊಣಗಳು ಮುತ್ತುತ್ತವೆ, ಬಟ್ಟೆಯ ಮೇಲಿನಿಂದಲೂ ಕಚ್ಚುತ್ತವೆ. ಈ ಸಂಗತಿಯನ್ನು ಅವಳಿಗೆ ನಾನು ಹೇಳಿಲ್ಲ, ನೀನೂ ಹೇಳಬೇಡ.

ಇಂತು ನಿನ್ನ ಪ್ರೀತಿಯ
ದೊಡ್ಡಪ್ಪ