ಬೋರಾನ್ ಚಿಕಿತ್ಸೆಯ ಸಂಶೋಧನೆಗೆ ಹಣ ಒದಗಿಸಿ

ಮಾನ್ಯರೆ,

ಅಡಿಕೆ ಮರದ ಬುಡಕ್ಕೆ ಬೋರಾಕ್ಸ್ ಹಾಕುವ ನಮಗೆ ಬೋರಾನ್ ಹೊಸ ಹೆಸರಲ್ಲ. ಅದೇ ಧಾತು ಕ್ಯಾನ್ಸರ್ ಗಡ್ಡೆಯ ಜೀವಕೋಶಗಳನ್ನು ಕೊಲ್ಲಲು ನೆರವಾಗುತ್ತದೆಂಬುದು ಮಾತ್ರ ಹೆಚ್ಚು ಜನರಿಗೆ ತಿಳಿದಿಲ್ಲ. ಬೋರಾನ್-10 ಎಂಬ ಬಗೆಯ ಬೋರಾನ್ ಇರುವ ಔಷಧಿಯನ್ನು ರಕ್ತನಾಳದ ಮೂಲಕ ಕೊಟ್ಟಾಗ ಗಡ್ಡೆಯ ಕೋಶಗಳು ಅದನ್ನು ಪಕ್ಕದ ಆರೋಗ್ಯವಂತ ಕೋಶಗಳಿಗಿಂತ ಹೆಚ್ಚಾಗಿ ಹೀರಿಕೊಳ್ಳುತ್ತವೆ. ಆಮೇಲೆ ಗಡ್ಡೆಗೆ ಹಾಯಿಸಿದ ನ್ಯೂಟ್ರಾನ್ ಎಂಬ ಸೂಕ್ಷ್ಮ ಕಣವನ್ನು ಹಿಡಿದ ಬೋರಾನ್ ಪರಮಾಣು ಆಲ್ಫಾ ಕಣ ಮತ್ತು ಲಿಥಿಯಂ ಆಗಿ ಒಡೆಯುತ್ತದೆ, ಅವು ಸಾಗುವ ದೂರ ಮಿಲಿಮೀಟರಿನ ನೂರನೇ ಒಂದು ಭಾಗವನ್ನೂ ಮೀರದ ಕಾರಣ ಏಟು ಬಹುಮಟ್ಟಿಗೆ ಆ ಕೋಶದೊಳಗೇ ಬೀಳುತ್ತದೆ. 1936ರಲ್ಲೇ ಸೂಚಿತವಾದ ಈ ವಿಧಾನಕ್ಕೆ ಜಪಾನ್, ತಲೆ-ಕುತ್ತಿಗೆಯ ಕ್ಯಾನ್ಸರಿಗಾಗಿ, 2020ರಲ್ಲಿ ಅನುಮತಿ ನೀಡಿತು. ನ್ಯೂಟ್ರಾನು ಪಡೆಯಲು ಪರಮಾಣು ರಿಯಾಕ್ಟರಿನ ಬದಲು ಆಸ್ಪತ್ರೆಯಲ್ಲೇ ಕೂರಿಸಬಹುದಾದ ವೇಗವರ್ಧಕ ಯಂತ್ರ ಬಂದದ್ದು ದೊಡ್ಡ ಅನುಕೂಲವಾಯಿತು.

ಬಾಯಿ ಕ್ಯಾನ್ಸರಿಗೆ ಸಾಮಾನ್ಯ ವಿಕಿರಣ ಪಡೆದ ನನ್ನ ಚಿಕ್ಕಪ್ಪ, ಜೊಲ್ಲು ಬತ್ತಿಹೋಗಿ, ರಾಗಿ ಗಂಜಿಯನ್ನೂ ನೀರು ಗುಟುಕರಿಸಿಕೊಂಡೇ ನುಂಗುತ್ತಿದ್ದರು. ಕವಳ (ಎಲೆ-ಅಡಿಕೆ) ಹಾಕುವ ಮಲೆನಾಡಿನಲ್ಲಿ ಇಂಥ ನೋವು ಕಂಡ ಮನೆಗಳು ಹಲವು. ಅಡಿಕೆಯಿಂದಲೇ ಬದುಕುವ ನನಗೆ ಇದನ್ನು ಬರೆಯುವುದು ಸುಲಭವಲ್ಲ. ಎಲ್ಲ ಗಡ್ಡೆಗೂ ಬೋರಾನ್ ಚಿಕಿತ್ಸೆ ಮದ್ದಲ್ಲ, ಈ ನ್ಯೂಟ್ರಾನುಗಳು ದೇಹದೊಳಗೆ ಬಹಳ ಆಳಕ್ಕೆ ಇಳಿಯವು. ಆದರೂ ನಮ್ಮ ರಾಜ್ಯದ ವಿಜ್ಞಾನ ಸಂಸ್ಥೆಗಳೂ ಕ್ಯಾನ್ಸರ್ ಆಸ್ಪತ್ರೆಗಳೂ ಒಟ್ಟಾಗಿ ಜೀವಕೋಶ ಮಟ್ಟದ ಸಂಶೋಧನೆ ನಡೆಸಲು ಸರ್ಕಾರ ಹಣ ಒದಗಿಸಬೇಕೆಂದು ಕೋರುತ್ತೇನೆ.

— ಅಡಿಕೆ ಬೆಳೆಗಾರ, ಕೊಪ್ಪ, ಚಿಕ್ಕಮಗಳೂರು ಜಿಲ್ಲೆ