ಬಹುಮಾನದ ಮೊತ್ತ ಅಚ್ಚಿಗೆ ಹೋಗುವ ಮೊದಲು

ಚಿ. ಪುಟ್ಟನಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕರಪತ್ರದ ಕರಡು ಬಂತು. ದಾವಣಗೆರೆಯಲ್ಲಿ ಫಿಡೆ (ವಿಶ್ವ ಚೆಸ್ ಒಕ್ಕೂಟ) ರೇಟಿಂಗ್, ಅಂದರೆ ಆಟಗಾರರ ಬಲದ ಅಂಕ, ಲೆಕ್ಕಕ್ಕೆ ಬರುವ ಚೆಸ್ ಟೂರ್ನಿ, ಒಟ್ಟು ಬಹುಮಾನ 25 ಲಕ್ಷ, ಎಂಟ್ರಿ ಫೀ 3,500, ಏಳುನೂರು ಜನ ಬರುತ್ತಾರೆಂಬ ಅಂದಾಜು. ಗುಣಿಸಿ ನೋಡಿದೆಯಾ? ಏಳುನೂರೂ ಜನ ಪೂರ್ತಿ ದುಡ್ಡು ಕಟ್ಟಿದರೆ 24.5 ಲಕ್ಷ. ಮಂಟಪದ ಬಾಡಿಗೆ, ಆರ್ಬಿಟರ್‌ಗಳ (ತೀರ್ಪುಗಾರರ) ಗೌರವಧನ, ಫೆಡರೇಷನ್ ಶುಲ್ಕ, ಜನರೇಟರಿನ ಡೀಸೆಲ್ ಯಾವುದನ್ನೂ ಇನ್ನೂ ಹಿಡಿದಿಲ್ಲ, ಆಗಲೇ ಐವತ್ತು ಸಾವಿರ ಕಡಿಮೆ ಬಿತ್ತು. ಹೊಸ ಟೂರ್ನಿಗೆ ಮೊದಲ ವರ್ಷ ನಾನೂರು ಜನ ಬಂದರೆ ಅದೇ ಹೆಚ್ಚು. ಆಗ ಕೈಗೆ ಬರುವುದು 14 ಲಕ್ಷ. ಮಿಕ್ಕಿದ್ದು 'ಸ್ಪಾನ್ಸರ್‌ರಿಂದ' ಅಂತ ಬರೆದಿದ್ದೀಯ. ಯಾರು, ಎಷ್ಟು, ಯಾವ ತಾರೀಖಿಗೆ ಅನ್ನುವ ಕಾಲಂ ಖಾಲಿ ಇದೆ.

ಮೊತ್ತ ದೊಡ್ಡದಿದ್ದರೆ ಜನ ತಾವಾಗಿ ಬರುತ್ತಾರೆ ಅನ್ನುವುದು ನಿನಗೊಬ್ಬನಿಗೇ ಹೊಳೆದದ್ದಲ್ಲ. 2005ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಐದು ಲಕ್ಷ ಡಾಲರಿನ ಟೂರ್ನಿ ನಡೆಯಿತು. ಸಾವಿರದೈನೂರಕ್ಕೂ ಹೆಚ್ಚು ಜನ ಆಡಿದರು, ಜಾರ್ಜಿಯಾದ ಝ್ವಿಯಾದ್ ಇಝೋರಿಯಾ ಮೊದಲ ಬಹುಮಾನ 50,000 ಡಾಲರ್ ಒಯ್ದ. ಆ ಟೂರ್ನಿ ನಡೆದದ್ದು ಅದೊಂದೇ ಸಲ. 2014ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಮಾರಿಸ್ ಆಶ್ಲಿ ಮತ್ತು ಏಮಿ ಲೀ ಲಾಸ್ ವೇಗಸ್‌ನಲ್ಲಿ 'ಮಿಲಿಯನೇರ್ ಚೆಸ್' ಶುರು ಮಾಡಿದರು. ಹತ್ತು ಲಕ್ಷ ಡಾಲರ್ ಬಹುಮಾನ ಖಚಿತವೆಂದು ಸಾರಿದರು, ಎಂಟ್ರಿ ಫೀ 1,000 ಡಾಲರಿನಿಂದ ಶುರು. ಬಂದವರು ಐನೂರೈವತ್ತರ ಆಸುಪಾಸು. ತಲೆಗೆ ಸಾವಿರ ಹಿಡಿದರೂ ಬಹುಮಾನಕ್ಕೇ ನಾಲ್ಕೂವರೆ ಲಕ್ಷ ಡಾಲರ್ ಖೋತಾ. ಕೊಟ್ಟ ಮಾತಿನಂತೆ ಬಹುಮಾನ ಕೊಟ್ಟರು, ಅದನ್ನು ಮೆಚ್ಚಬೇಕು. ಆದರೆ 2016ರ ಹೊತ್ತಿಗೆ ಮೊತ್ತ ಹೆಚ್ಚುಕಡಿಮೆ ಅರ್ಧಕ್ಕಿಳಿದು, ಆಮೇಲೆ ನಿಂತೇಹೋಯಿತು.

ಇದರ ಪಕ್ಕದಲ್ಲಿ ಅಮೆರಿಕದ್ದೇ ಇನ್ನೊಬ್ಬ ಸಂಘಟಕ ಬಿಲ್ ಗಾಯ್ಕ್‌ಬರ್ಗ್ ಅವರ ವರ್ಲ್ಡ್ ಓಪನ್ ಟೂರ್ನಿ ಇಟ್ಟು ನೋಡು. 1973ರಲ್ಲಿ ಹುಟ್ಟಿದ್ದು ಇನ್ನೂ ಬದುಕಿದೆ. ಅಲ್ಲಿನ ಓಪನ್ ಟೂರ್ನಿಗಳಲ್ಲಿ 'ಇಷ್ಟು ಎಂಟ್ರಿ ಬಂದರೆ ಇಷ್ಟು ಬಹುಮಾನ' ಎಂದು ಸಾರುವ ಪದ್ಧತಿಯಿದೆ. ಎಂಟ್ರಿ ಕಡಿಮೆಯಾದರೂ ಸಾರಿದ್ದರಲ್ಲಿ ಅರ್ಧವನ್ನಾದರೂ ಕೊಡಲೇಬೇಕೆಂದು ಅಲ್ಲಿನ ಫೆಡರೇಷನ್ನಿನ ನಿಯಮ. ಇದನ್ನು ಇಲ್ಲಿ ಹಾಗೇ ಎತ್ತಿ ಹಾಕಬೇಡ. ನಮ್ಮಲ್ಲಿ ದಪ್ಪ ಅಕ್ಷರದ ಮೊತ್ತ ಓದಿ ರೈಲು ಟಿಕೆಟ್ ಬುಕ್ ಮಾಡುತ್ತಾರೆ, ಕೆಳಗಿನ ಸಣ್ಣ ಅಕ್ಷರ ಜಗಳದ ದಿನ ಮಾತ್ರ ಕಾಣುತ್ತದೆ. ತಿರುಗಿಸಿ ಹೇಳು: '10 ಲಕ್ಷ ಖಚಿತ, ಹಣ ಕಟ್ಟಿದ ಎಂಟ್ರಿ 400 ದಾಟಿದರೆ ಮುಂದಿನ ಪ್ರತಿ ಐವತ್ತಕ್ಕೆ ಒಂದು ಲಕ್ಷ ಸೇರುತ್ತದೆ.' ಏರಿದ ಬಹುಮಾನಕ್ಕೆ ಯಾರೂ ಜಗಳ ಆಡುವುದಿಲ್ಲ.

ಲೆಕ್ಕ ಹೀಗಿಡು. ಎಂಟ್ರಿ ಹಣದಿಂದ ಬಹುಮಾನ, ಸ್ಪಾನ್ಸರ್ ಹಣದಿಂದ ಖರ್ಚು. ಕನಿಷ್ಠ ಎಷ್ಟು ಜನ ಅನ್ನುವುದನ್ನು ಹಿಡಿ, ಗರಿಷ್ಠವನ್ನಲ್ಲ. 350 ಜನ, 3,000 ಫೀ ಅಂದರೆ 10.5 ಲಕ್ಷ, ಬಹುಮಾನ ಅಲ್ಲಿಗೆ ಸರಿಹೋಯಿತು. ಗ್ರ್ಯಾಂಡ್‌ಮಾಸ್ಟರ್‌ಗಳಿಗೆ, ಇಂಟರ್‌ನ್ಯಾಷನಲ್ ಮಾಸ್ಟರ್‌ಗಳಿಗೆ ಫೀ ಬಿಡುತ್ತೀಯಲ್ಲ, ಅವರನ್ನು ಈ 350ರಲ್ಲಿ ಸೇರಿಸಬೇಡ. ಖರ್ಚು ಆರೇಳು ಲಕ್ಷ ಆದೀತು. ಅಷ್ಟಕ್ಕೆ ಬರಹದಲ್ಲಿ ಒಪ್ಪಿಗೆ ಸಿಗುವವರೆಗೆ ಕರಪತ್ರ ಹೊರಗೆ ಬಿಡಬೇಡ. ಫೀಯನ್ನು ಮೆಟ್ಟಿಲಾಗಿಸು: ಎರಡು ತಿಂಗಳ ಮೊದಲು ಕಟ್ಟಿದವರಿಗೆ 2,700, ಆಮೇಲೆ 3,000, ಕೊನೆಯ ಹದಿನೈದು ದಿನ 3,500. ಎಷ್ಟು ಜನ ಬರುತ್ತಾರೆ ಅನ್ನುವುದು ನಿನಗೆ ಬೇಗ ಗೊತ್ತಾಗುವುದೇ ಇದರ ದೊಡ್ಡ ಲಾಭ.

ಸಿಎಸ್‌ಆರ್ ನಿಧಿ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ಹಣ, ಕೇಳುತ್ತೇನೆ ಅಂದಿದ್ದೀಯ. ಅಲ್ಲೇ ಬಹಳ ಜನ ಎಡವುವುದು. ಬ್ರ್ಯಾಂಡಿನ ಪ್ರಚಾರಕ್ಕಾಗಿ ಕೊಡುವ ಪ್ರಾಯೋಜನೆ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲವೆಂದು ಕಂಪನಿ ಕಾನೂನಿನ ನಿಯಮವೇ ಹೇಳುತ್ತದೆ. ಸಿಎಸ್‌ಆರ್‌ಗೆ ಒಪ್ಪುವ ಕೆಲಸಗಳ ಪಟ್ಟಿಯಲ್ಲಿರುವುದು ಕ್ರೀಡೆಯ 'ತರಬೇತಿ'. ಹಾಗಾಗಿ ಬ್ಯಾನರಿಗೆ, ವೇದಿಕೆಗೆ ಮಾರ್ಕೆಟಿಂಗ್ ವಿಭಾಗದ ಬಾಗಿಲು ತಟ್ಟು. ಸರ್ಕಾರಿ ಶಾಲೆ ಮಕ್ಕಳ ಚೆಸ್ ಶಿಬಿರಕ್ಕೆ ಬೇರೆ ಅರ್ಜಿ ಹಾಕು, ಅದೂ ಆ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಇರುವ ಟ್ರಸ್ಟಿನ ಮೂಲಕ. ಹೆಚ್ಚಿನ ಕಂಪನಿಗಳ ಬಜೆಟ್ ಮಾರ್ಚ್ ಒಳಗೆ ತೀರ್ಮಾನವಾಗುತ್ತದೆ. ಡಿಸೆಂಬರಿನ ಟೂರ್ನಿಗೆ ಅಕ್ಟೋಬರಿನಲ್ಲಿ ಹೋದರೆ ಕಾಫಿ ಕೊಟ್ಟು ಕಳಿಸುತ್ತಾರೆ. ನಿಮ್ಮ ಸಂಸ್ಥೆಗೆ ಜಿಎಸ್‌ಟಿ ಬರುತ್ತದೆಯೋ ಇಲ್ಲವೋ ಆಡಿಟರ್‌ನ ಕೇಳು. ಬರುವುದಾದರೆ ಕರಾರಿನಲ್ಲಿ 'ಜಿಎಸ್‌ಟಿ ಪ್ರತ್ಯೇಕ' ಅನ್ನುವ ಎರಡು ಪದ ಇರಲಿ. '5 ಲಕ್ಷ, ತೆರಿಗೆ ಸೇರಿ' ಅಂತ ಸಹಿ ಹಾಕಿದರೆ 18% ಕಳೆದು ನಿನಗುಳಿಯುವುದು ಸುಮಾರು 4.24 ಲಕ್ಷ. ಅರ್ಧ ಹಣ ಸಹಿಯ ದಿನ, ಉಳಿದರ್ಧ ಮೊದಲ ರೌಂಡಿಗೆ ಹದಿನೈದು ದಿನ ಮೊದಲು. ಸಮಾರೋಪ ಮುಗಿದ ಮೇಲೆ ಬರಬೇಕಾದ ದುಡ್ಡನ್ನು ಬಂದಾಗ ನೋಡಿಕೊಂಡರಾಯಿತು, ಲೆಕ್ಕಕ್ಕೆ ಹಿಡಿಯಬೇಡ.

ಇನ್ನು ಹಂಚಿಕೆ. ನೀನು ಮೊದಲ ಬಹುಮಾನಕ್ಕೇ ಆರು ಲಕ್ಷ ಇಟ್ಟಿದ್ದೀಯ. ಪತ್ರಿಕೆಯ ಶೀರ್ಷಿಕೆಗೆ ಚೆನ್ನ. ಆದರೆ ಟೂರ್ನಿಗೆ ಹಣ ಹಾಕುವವರು 1500ರಿಂದ 1900 ರೇಟಿಂಗಿನವರು, ಮಕ್ಕಳ ಅಪ್ಪ-ಅಮ್ಮಂದಿರು. ಅವರಿಗೆ ಆ ಆರು ಲಕ್ಷ ಕೈಗೆಟುಕದ ದ್ರಾಕ್ಷಿ. ನಾಲ್ಕೈದು ಜನರಲ್ಲಿ ಒಬ್ಬರಿಗಾದರೂ ಏನಾದರೂ ಸಿಗಬೇಕು, ಕೊನೆಯ ನಗದು ಬಹುಮಾನವೂ ಎಂಟ್ರಿ ಫೀಗಿಂತ ಕಡಿಮೆ ಇರಬಾರದು. ಒಟ್ಟು ಹತ್ತು ಲಕ್ಷದಲ್ಲಿ ಮೊದಲನೆಯದಕ್ಕೆ ಒಂದೂವರೆ ಲಕ್ಷ ಸಾಕು.

ಕರಡಿನಲ್ಲಿ '1400ಕ್ಕಿಂತ ಕೆಳಗೆ' ಅನ್ನುವ ಕೆಟಗರಿ ಇದೆ. ಹಳೇ ಕರಪತ್ರ ನೋಡಿ ಬರೆದೆ ಅಂತ ಕಾಣುತ್ತದೆ. 2024ರ ಮಾರ್ಚಿನಲ್ಲಿ ಫಿಡೆ 2000ದ ಕೆಳಗಿನವರ ರೇಟಿಂಗನ್ನೆಲ್ಲ ಮೇಲೆತ್ತಿ, ತಳವನ್ನೇ 1400ಕ್ಕೆ ತಂದಿತು. 1000 ಇದ್ದವರು 1400 ಆದರು, 1600 ಇದ್ದವರು 1760. ಈಗ ಆ ಕೆಟಗರಿಯಲ್ಲಿ ಆಡಲು ಮನುಷ್ಯರೇ ಇಲ್ಲ. 2000, 1800, 1600ರ ಕೆಳಗೆ ಮತ್ತು ರೇಟಿಂಗ್ ಇಲ್ಲದವರು, ಇಷ್ಟು ಮಾಡು. ಕೆಳಗಿನ ಕೆಟಗರಿಗೆ ದೊಡ್ಡ ಮೊತ್ತ ಇಟ್ಟಷ್ಟೂ ಬೇಕೆಂದೇ ಸೋತು ರೇಟಿಂಗ್ ಇಳಿಸಿಕೊಂಡು ಬರುವವರು ಹೆಚ್ಚುತ್ತಾರೆ. ಅದಕ್ಕೆ 'ಕಳೆದ 24 ತಿಂಗಳ ಗರಿಷ್ಠ ರೇಟಿಂಗೇ ಅರ್ಹತೆಗೆ ಆಧಾರ' ಎಂದು ಮೊದಲೇ ಅಚ್ಚುಮಾಡು. ತಿಂಗಳ ಪಟ್ಟಿಗಳು ಫಿಡೆ ತಾಣದಲ್ಲೇ ಇವೆ. ರೇಟಿಂಗ್ ಇಲ್ಲದವರು ಅವರ ಕೆಟಗರಿಯಲ್ಲಿ ಮಾತ್ರ, ಒಬ್ಬರಿಗೆ ಒಂದೇ ಬಹುಮಾನ, ಯಾವುದು ದೊಡ್ಡದೋ ಅದು. ಅಂಕ ಸಮವಾದರೆ ಹಂಚುತ್ತೀರೋ, ಟೈಬ್ರೇಕ್ (ಸಮ ಅಂಕದವರಲ್ಲಿ ಯಾರು ಮೇಲೆಂದು ತೀರ್ಮಾನಿಸುವ ಲೆಕ್ಕ) ನೋಡುತ್ತೀರೋ, ಅರ್ಧ ಹಂಚಿ ಅರ್ಧ ಟೈಬ್ರೇಕಿಗೆ ಬಿಡುವ ಹಾರ್ಟ್ ಪದ್ಧತಿಯೋ, ಅದನ್ನೂ ಬರೆ.

ಮೇ ತಿಂಗಳು ಬೇಡ. ಮದುವೆ ಸೀಸನ್, ಮಂಟಪದವರು ಹೇಳಿದ್ದೇ ಬೆಲೆ. ಧನುರ್ಮಾಸದಲ್ಲಿ ಮಂಟಪಗಳು ಖಾಲಿ ಹೊಡೆಯುತ್ತವೆ, ಡಿಸೆಂಬರ್ ಕೊನೆಯ ವಾರ ಎಷ್ಟೋ ಶಾಲೆಗಳಿಗೆ ರಜೆಯೂ ಸಿಗುತ್ತದೆ. 400 ಜನರೆಂದರೆ 200 ಬೋರ್ಡು. ಬೋರ್ಡಿಗೆ ಐವತ್ತು ಚದರಡಿಯಂತೆ ಹತ್ತು ಸಾವಿರ ಚದರಡಿ ಬೇಕು, ಪಾಲಕರಿಗೆ ಬೇರೆ ಜಾಗ. ಪಂಕ್ತಿಯ ಊಟದ ಟೇಬಲ್ ನಂಬಬೇಡ, ಅಗಲ ಸಾಲದೆ ಬೋರ್ಡು ಆಚೆ ಚಾಚುತ್ತದೆ. ಎರಡೂಮುಕ್ಕಾಲು ಅಡಿ ಅಗಲ ಇರಲಿ. ಸಂಜೆ ಏಳಕ್ಕೆ ಹೋಗಿ ದೀಪದ ಬೆಳಕಿನಲ್ಲಿ ಸ್ಕೋರ್‌ಶೀಟ್ ಓದಲು ಬರುತ್ತದಾ ನೋಡು. ಎಂಟ್ರಿಯನ್ನು ಎರಡು ದಿನ ಮೊದಲೇ ಮುಚ್ಚು. ಬೆಳಿಗ್ಗೆ ಬಂದವರನ್ನೂ ಸೇರಿಸಿಕೊಳ್ಳುತ್ತಾ ಕೂತರೆ ಮೊದಲ ರೌಂಡ್ ಎರಡು ಗಂಟೆ ತಡವಾಗುವುದು ಖಂಡಿತ. ಆಟದಲ್ಲಿ ಮೋಸ ತಡೆಯಲು, ಮೊಬೈಲ್ ಬಾಗಿಲಲ್ಲೇ ಇಳಿಸಿಕೊಳ್ಳುವ ಟೋಕನ್ ಕೌಂಟರ್, ಮೆಟಲ್ ಡಿಟೆಕ್ಟರ್, ನೇರಪ್ರಸಾರ ಇದ್ದರೆ ಹದಿನೈದು ನಿಮಿಷ ತಡವಾಗಿ.

ಬಹುಮಾನ 10,000 ದಾಟಿದರೆ 30% ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಕಡಿಯಬೇಕು, ಅದಕ್ಕೆ ಸಂಸ್ಥೆಗೆ ಟ್ಯಾನ್ (ತೆರಿಗೆ ಹಿಡಿಯುವವರ ಖಾತೆ ಸಂಖ್ಯೆ) ಬೇಕು. ಲಕ್ಷ ಗೆದ್ದವರ ಕೈಗೆ ಎಪ್ಪತ್ತು ಸಾವಿರ ಅನ್ನುವುದು ವೇದಿಕೆಯ ಮೇಲೆ ಗೊತ್ತಾಗಬಾರದು, ಕರಪತ್ರದಲ್ಲೇ ಗೊತ್ತಾಗಬೇಕು. ಮಗು ಸ್ವಂತ ಕೌಶಲದಿಂದ ಗೆದ್ದದ್ದು ಮಗುವಿನದೇ ಆದಾಯ. ಅಪ್ಪನ ಪ್ಯಾನ್ ತೆಗೆದುಕೊಳ್ಳಬೇಡ, ಮಗುವಿನ ಹೆಸರಿನದೇ ಬೇಕು. ಪ್ಯಾನ್, ಬ್ಯಾಂಕ್ ವಿವರವನ್ನು ಎಂಟ್ರಿ ಫಾರಂನಲ್ಲೇ ಕೇಳಿದರೆ ಕೊನೆಯ ರೌಂಡಿನ ಮರುದಿನವೇ ಹಣ ಹಾಕಬಹುದು. ಬಹುಮಾನದ ಹಣಕ್ಕೆ ಬೇರೆ ಖಾತೆ ತೆರೆ, ಎರಡು ಸಹಿ ಇರಲಿ. ಬಹುಮಾನ ಮೂರು ತಿಂಗಳು ತಡವಾದ ಟೂರ್ನಿಗೆ ಮರುವರ್ಷ ಯಾವ ಪಾಲಕರೂ ಬರುವುದಿಲ್ಲ, ಅವರ ವಾಟ್ಸಾಪ್ ಗುಂಪುಗಳು ನಿನ್ನ ಕರಪತ್ರಕ್ಕಿಂತ ವೇಗ.

25 ಲಕ್ಷದ ಆಸೆ ತಪ್ಪಲ್ಲ, ಅದು ನಾಲ್ಕನೇ ವರ್ಷದ ಮಾತು. ಪ್ರತಿ ವರ್ಷ ಅದೇ ವಾರ, ಅದೇ ಊರು. ಮುಂದಿನ ವರ್ಷದ ತಾರೀಖನ್ನು ಸಮಾರೋಪದಲ್ಲೇ ಹೇಳಿಬಿಡು. ಇಲ್ಲಿನ ಆಟಗಾರರಿಗೆ ನಾರ್ಮ್ (ಮಾಸ್ಟರ್ ಪದವಿಗೆ ಬೇಕಾದ ಸಾಧನೆ) ಆಸೆ ತೋರಿಸಲು ವಿದೇಶಿ ಗ್ರ್ಯಾಂಡ್‌ಮಾಸ್ಟರ್‌ಗಳನ್ನು ಕರೆಸುವುದೂ ಆಗಲೇ. ಅವರ ಊಟ ವಸತಿಯ ಖರ್ಚು ಈಗ ನಿನ್ನ ಸ್ಪಾನ್ಸರ್ ಹಣವನ್ನೆಲ್ಲ ನುಂಗುತ್ತದೆ.

ಕರಡಿನಲ್ಲಿ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಿದ್ದೇನೆ. ಸ್ಪಾನ್ಸರ್ ಕಾಲಂ ತುಂಬಿಸಿ ಇನ್ನೊಮ್ಮೆ ಕಳಿಸು. ಮಂಟಪಕ್ಕೆ ಮುಂಗಡ ಕೊಡಲು ಹೋಗುವ ದಿನ ಅಳತೆ ಟೇಪು ಮರೆಯಬೇಡ.

ಇತಿ,
ನಿನ್ನ ದೊಡ್ಡಪ್ಪ